‘ಬಂಜೆ’ ಎಂಬ ಮಾತು ಮತ್ತು ನಮ್ಮ ವೈದ್ಯಗದ್ಯ

ಕನ್ನಡದಲ್ಲಿ ವೈದ್ಯ ಸಾಹಿತ್ಯ ಬೆಳೆದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವವಳಲ್ಲ. ರಾಣೆಬೆನ್ನೂರಿನ ನಮ್ಮ ಓದುಗರ ಕೂಟದಲ್ಲಿ ಈ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಗೆಳತಿಯರು ಕೇಳಿದಾಗ, ಮನೆಯ ಕಪಾಟಿನಲ್ಲಿದ್ದ ಇಪ್ಪತ್ತು ಮೂವತ್ತು ಪುಸ್ತಕಗಳನ್ನು ಮೇಜಿನ ಮೇಲೆ ಹರವಿಕೊಂಡು ಕುಳಿತೆ. ಸಕ್ಕರೆ ಬೇನೆ, ರಕ್ತದ ಒತ್ತಡ, ಬಾಣಂತಿಯ ಆರೈಕೆ, ಕೂಸಿನ ಪೋಷಣೆ, ಮನಸ್ಸಿನ ಕಾಯಿಲೆ ಇವೆಲ್ಲಕ್ಕೂ ಕನ್ನಡದಲ್ಲಿ ಪುಸ್ತಕಗಳಿವೆ. ಅವುಗಳಲ್ಲಿ ಕೆಲವು ಗದ್ಯದ ದೃಷ್ಟಿಯಿಂದಲೂ ಒಳ್ಳೆಯವು. ಆದರೆ ಆ ದಿನ ಕೂಟದಲ್ಲಿ ನಾನು ಇರುವ ಪುಸ್ತಕಗಳನ್ನು ಹೊಗಳುವುದನ್ನು ಬದಿಗಿಟ್ಟು, ನನಗೆ ಎಲ್ಲಿಯೂ ಸಿಕ್ಕದ ಒಂದು ಪುಟದ ಮಾತು ಆಡಿದೆ. ಅದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಆ ಪುಟದ ವಿಷಯ ಇಷ್ಟು: ಕ್ಯಾನ್ಸರಿಗೆ ಔಷಧ ತೆಗೆದುಕೊಳ್ಳಬೇಕಾಗಿ ಬಂದ ಎಳೆಯ ವಯಸ್ಸಿನ ಹೆಣ್ಣುಮಗಳಿಗೆ, ಗುಣವಾದ ಮೇಲೆ ಮಕ್ಕಳಾಗುವ ದಾರಿಯನ್ನು ಉಳಿಸಿಕೊಡುವುದು ಹೇಗೆ?

ವಿಷಯ ನನಗೆ ಹೊರಗಿನದಲ್ಲ. ಬ್ಯಾಡಗಿಯಲ್ಲಿ ನನ್ನ ಅಕ್ಕನ ಮನೆ. ಭಾವನವರದು ಮೆಣಸಿನಕಾಯಿ ದಲಾಲಿ ಅಂಗಡಿ. 2021ರಲ್ಲಿ ಅಕ್ಕನ ಮಗಳಿಗೆ 24 ವರ್ಷ. ಬಿ.ಎಡ್. ಮುಗಿದಿತ್ತು, ಒಂದೆರಡು ಕಡೆಯಿಂದ ವರನ ಮಾತೂ ಬರುತ್ತಿತ್ತು. ಅಷ್ಟರಲ್ಲಿ ಎದೆಯಲ್ಲಿ ಗಂಟು ಕಂಡಿತು. ಹಾವೇರಿಯಲ್ಲಿ ತೋರಿಸಿದೆವು, ಅಲ್ಲಿಯ ವೈದ್ಯರು ತಡಮಾಡಬೇಡಿರೆಂದು ಹೇಳಿ ದೊಡ್ಡ ಊರಿನ ಆಸ್ಪತ್ರೆಗೆ ಕಳಿಸಿದರು. ಶಸ್ತ್ರಚಿಕಿತ್ಸೆಯಾಯಿತು. ಮುಂದೆ ಕಿಮೊಥೆರಪಿ ಎಂದರು. ಅದಕ್ಕೆ ಮೊದಲು ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಬೇಕಾಗಿತ್ತು. ಪತ್ರ ಇಂಗ್ಲಿಷಿನಲ್ಲಿತ್ತು. ಅಕ್ಕ, ಭಾವ, ಹುಡುಗಿಯ ಕಾಕಾ ಎಲ್ಲರೂ ಸುತ್ತ ಕುಳಿತಿದ್ದರು. ಹುಡುಗಿಗೆ ತಾನೇ ಓದಿಕೊಳ್ಳುವ ಸ್ಥಿತಿ ಇರಲಿಲ್ಲ. “ನೀ ಓದಿ ಹೇಳವಾ, ನಿನಗ ತಿಳಿತೈತಿ” ಎಂದು ಅಕ್ಕ ಅದನ್ನು ನನ್ನ ಕೈಗೆ ಕೊಟ್ಟಳು.

ಮೂವತ್ತು ವರ್ಷ ಕನ್ನಡ ಪಾಠ ಹೇಳಿದವಳು ನಾನು. ಕೂದಲು ಉದುರಬಹುದು ಎಂದು ಓದಿದೆ. ವಾಂತಿ, ನಿಶ್ಶಕ್ತಿ, ಬಾಯಿಹುಣ್ಣು, ಸೋಂಕು ಎಲ್ಲವನ್ನೂ ಒಂದೊಂದಾಗಿ ಕನ್ನಡಿಸಿ ಹೇಳಿದೆ. ಆಮೇಲೆ ಒಂದು ಸಾಲು ಬಂತು. ಈ ಔಷಧದಿಂದ ಮುಂದೆ ಗರ್ಭ ಧರಿಸುವ ಶಕ್ತಿ ಕುಂದಬಹುದು ಅಥವಾ ಇಲ್ಲವಾಗಬಹುದು, ಆ ಬಗ್ಗೆ ಚಿಕಿತ್ಸೆಗೆ ಮುಂಚೆಯೇ ವೈದ್ಯರೊಡನೆ ಮಾತನಾಡಬಹುದು ಎಂಬರ್ಥದ ಸಾಲು ಅದು. ಅದನ್ನು ನಾನು ಓದಲಿಲ್ಲ. ನಾಲಗೆಯ ತುದಿಗೆ ಬಂದದ್ದು ಒಂದೇ ಪದ: ಬಂಜೆತನ. ಮದುವೆಯಾಗದ ಹುಡುಗಿ, ಎದುರಿಗೆ ಅವಳ ತಂದೆ, ಪಕ್ಕದಲ್ಲಿ ಕಾಕಾ. ಆ ಪದವನ್ನು ನುಂಗಿದೆ. ಪದದೊಡನೆ ಸಾಲೂ ಹೋಯಿತು. ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದೆ.

ಹುಡುಗಿ ಗುಣವಾದಳು. ಅವಳ ಪ್ರಾಣ ಉಳಿಸಿದವರಿಗೆ ನಮ್ಮ ಮನೆತನ ಋಣಿಯಾಗಿದೆ. ಮರುವರ್ಷ ದೀಪಾವಳಿಗೆ ನಾನು ಬ್ಯಾಡಗಿಗೆ ಹೋದಾಗ, ಅವಳು ಆಸ್ಪತ್ರೆಯ ಕಾಗದಗಳ ಕಟ್ಟು ಬಿಚ್ಚಿ ಆ ಪತ್ರವನ್ನು ನನ್ನ ಮುಂದಿಟ್ಟಳು. “ಚಿಗವ್ವಾ, ಈ ಸಾಲ ನೀ ಅವತ್ತ ಓದಲೇ ಇಲ್ಲಲಾ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ತಪ್ಪು ನನ್ನದು, ಅದನ್ನು ಭಾಷೆಯ ಮೇಲೆ ಹೊರಿಸಿ ತಪ್ಪಿಸಿಕೊಳ್ಳುವ ಇಚ್ಛೆ ನನಗಿಲ್ಲ. ಆದರೆ ಸಾಹಿತ್ಯವನ್ನೇ ಓದಿ, ಓದಿಸಿ ಬದುಕಿದವಳಿಗೆ ಆ ಗಳಿಗೆಯಲ್ಲಿ ಬೇರೊಂದು ಪದ ಏಕೆ ಸಿಗಲಿಲ್ಲ ಎಂಬುದು ವಿಮರ್ಶೆಯ ಪ್ರಶ್ನೆಯೂ ಹೌದು. ಆ ಪ್ರಶ್ನೆಯನ್ನು ಹಿಡಿದುಕೊಂಡು ನಮ್ಮ ಬರವಣಿಗೆಯನ್ನು ಮತ್ತೊಮ್ಮೆ ನೋಡಿದೆ.

ಬಂಜೆ ಎಂಬ ಪದಕ್ಕೆ ನಮ್ಮಲ್ಲಿ ದೊಡ್ಡ ಇತಿಹಾಸವಿದೆ. ಅನುಭವವಿಲ್ಲದವರಿಗೆ ಅನುಭಾವ ತಿಳಿಯದೆಂದು ಹೇಳಬೇಕಾದಾಗ ವಚನಗಳೇ ಬಂಜೆಯನ್ನು ಉಪಮಾನವಾಗಿ ಕರೆತಂದಿವೆ. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಎದೆಯ ಮಾತು. ಗರತಿಯರ ಆ ತ್ರಿಪದಿ ಲೋಕದಲ್ಲಿ ಮಕ್ಕಳಿಲ್ಲದವಳ ಹಂಬಲದಷ್ಟು ತೀವ್ರವಾದ ಭಾವಗಳು ಹೆಚ್ಚಿಲ್ಲ. ಅಲ್ಲಿ ಅನುಕಂಪವಿದೆ, ನಿಜವಾದ ಕಣ್ಣೀರಿದೆ. ಆದರೆ ಆ ಅನುಕಂಪಕ್ಕೆ ತೋರುವ ದಾರಿ ಹರಕೆಯೊಂದೇ. ಅಂದಿನ ಕಾಲಕ್ಕೆ ಬೇರೆ ದಾರಿ ಇರಲೂ ಇಲ್ಲ.

ನಮ್ಮ ಜಿಲ್ಲೆಯ ಕವಿ ಸರ್ವಜ್ಞನ ಜನ್ಮಕಥೆಯೂ ಮಕ್ಕಳಿಲ್ಲದ ಮನೆಯಿಂದಲೇ ಆರಂಭವಾಗುತ್ತದೆ. ಐತಿಹ್ಯದ ಪ್ರಕಾರ ಮಾಸೂರಿನ ಬಸವರಸನಿಗೂ ಮಲ್ಲಮ್ಮನಿಗೂ ಸಂತಾನವಿರಲಿಲ್ಲ. ಬಸವರಸ ಮಗನನ್ನು ಬೇಡಿ ಕಾಶಿಗೆ ಹೋದ, ಮರಳುವ ದಾರಿಯಲ್ಲಿ ಕುಂಬಾರರ ಮಾಳಿಯ ಮನೆಯಲ್ಲಿ ತಂಗಿದ, ಸರ್ವಜ್ಞ ಹುಟ್ಟಿದ. ಗಂಡ ಯಾತ್ರೆ ಹೋದ, ಮಗ ಕವಿಯಾದ. ಮಾಸೂರಿನ ಮನೆಯಲ್ಲೇ ಉಳಿದ ಮಲ್ಲಮ್ಮನ ಮನಸ್ಸನ್ನು ಹೊಕ್ಕು ನೋಡುವ ಕುತೂಹಲ ಮಾತ್ರ ಈ ಕಥೆಗೆ ಇಲ್ಲ.

ಕಾದಂಬರಿಯ ಕಾಲಕ್ಕೆ ಬಂದರೆ ಭೈರಪ್ಪನವರ ‘ವಂಶವೃಕ್ಷ’ (1965) ನೆನಪಾಗುತ್ತದೆ. ವಿಧವೆ ಕಾತ್ಯಾಯನಿ ಮರುಮದುವೆಯಾಗುತ್ತಾಳೆ; ಗರ್ಭ ನಿಲ್ಲುವುದಿಲ್ಲ, ಮತ್ತೆ ಮತ್ತೆ ಇಳಿಯುತ್ತದೆ; ಕೊನೆಗೆ ಅವಳ ಪ್ರಾಣವೇ ಹೋಗುತ್ತದೆ. ಲೇಖಕರು ಅವಳನ್ನು ಶಿಕ್ಷಿಸಿದರು ಎಂದು ಹೇಳುವ ವಿಮರ್ಶಕರ ಪಂಗಡಕ್ಕೆ ನಾನು ಸೇರಿದವಳಲ್ಲ. ಶ್ರೋತ್ರಿಗಳ ಸ್ವಂತ ಜನ್ಮದ ರಹಸ್ಯವನ್ನು ಬಯಲಿಗಿಟ್ಟು, ವಂಶವೆಂಬ ಹೆಮ್ಮೆಯ ಬುಡವನ್ನೇ ಅಲುಗಿಸಿದವರೂ ಅದೇ ಲೇಖಕರು. ಆದರೆ ಓದುಗರ ಮನಸ್ಸಿನಲ್ಲಿ ಉಳಿಯುವುದು ಒಂದು ಲೆಕ್ಕಾಚಾರ: ಹೆಣ್ಣಿನ ಗರ್ಭ ಅವಳ ನಡತೆಗೆ ಸಾಕ್ಷಿ ಹೇಳುತ್ತದೆ ಎಂಬುದು. ಔಷಧದಿಂದ ಗರ್ಭಶಕ್ತಿ ಕುಂದಿದ ಹುಡುಗಿಯನ್ನು ಕಂಡಾಗಲೂ ನಮ್ಮ ಜನ “ಯಾವ ಪಾಪಕ್ಕೋ” ಎನ್ನುತ್ತಾರೆ. ಆ ಉದ್ಗಾರ ಕಾದಂಬರಿಯಿಂದ ಬಂದದ್ದಲ್ಲ; ಆದರೆ ಕಾದಂಬರಿಗಳು ಅದಕ್ಕೆ ಸಾಕಷ್ಟು ಎದುರಾಡಿಲ್ಲ.

ಇನ್ನು ಕ್ಯಾನ್ಸರಿನ ಮಾತು. ನಮ್ಮ ಕಥೆಗಳಲ್ಲಿ, ಸಿನಿಮಾಗಳಲ್ಲಿ ನಾಯಿಕೆಗೆ ಆ ರೋಗ ಬಂದಿತೆಂದರೆ ಕೊನೆಯ ಪುಟ ಹತ್ತಿರ ಬಂದಿತೆಂದೇ ಅರ್ಥ. ಅವಳು ಕೆಮ್ಮಬೇಕು, ಹೂವಿನಂತೆ ಬಾಡಬೇಕು, ಎಲ್ಲರನ್ನೂ ಕ್ಷಮಿಸಿ ಕಣ್ಣು ಮುಚ್ಚಬೇಕು. ಗುಣವಾಗಿ ಮನೆಗೆ ಬಂದು, ಕೂದಲು ಮತ್ತೆ ಬೆಳೆದು, ಕೆಲಸಕ್ಕೆ ಹೋಗಿ, “ನನಗೆ ಮಕ್ಕಳಾಗುತ್ತವೆಯೇ?” ಎಂದು ಕೇಳುವ ಹೆಣ್ಣು ಅಂಥ ಕಥೆಗೆ ತೊಡಕು. ಸಾಯುವವಳಿಗೆ ನಾಳೆ ಇಲ್ಲ. ನಾಳೆ ಇಲ್ಲದವಳಿಗೆ ಈ ಪ್ರಶ್ನೆ ಹುಟ್ಟುವುದಿಲ್ಲ. ಎದೆಯ ಕ್ಯಾನ್ಸರ್ ಪಶ್ಚಿಮ ದೇಶಗಳಿಗಿಂತ ಸುಮಾರು ಹತ್ತು ವರ್ಷ ಎಳೆಯ ವಯಸ್ಸಿನಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಬರುತ್ತಿದೆ ಎಂಬುದನ್ನೂ, ಬೇಗ ಕಂಡುಹಿಡಿದರೆ ಅವರಲ್ಲಿ ಬಹಳ ಜನ ಬದುಕುತ್ತಾರೆ ಎಂಬುದನ್ನೂ ನಮ್ಮ ಕಥಾಲೋಕ ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಈ ಹಿಂಜರಿಕೆ ಕನ್ನಡಕ್ಕೇ ಮೀಸಲಲ್ಲ. 1978ರ ಅಕ್ಟೋಬರ್ 3ರಂದು ಕಲಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳಶಿಶು ಹುಟ್ಟಿತು. ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲನೆಯದು ಹುಟ್ಟಿ ಆಗ ಮೂರು ತಿಂಗಳೂ ಆಗಿರಲಿಲ್ಲ. ಮುಖೋಪಾಧ್ಯಾಯರು ಭ್ರೂಣವನ್ನು 53 ದಿನ ಶೀತದಲ್ಲಿಟ್ಟು, ಆಮೇಲೆ ಗರ್ಭಕ್ಕೆ ಸೇರಿಸಿದ್ದರು. ಸರಕಾರ ನೇಮಿಸಿದ ಸಮಿತಿ ನಂಬಲಿಲ್ಲ; ಅವರನ್ನು ವರ್ಗ ಮಾಡಿದರು; 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಅವರ ಕೆಲಸದ ಬೆಲೆಯನ್ನು 1997ರಲ್ಲಿ ಡಾ. ಟಿ. ಸಿ. ಆನಂದಕುಮಾರ್ ವಿಜ್ಞಾನಿಗಳ ಮುಂದೆ ಎತ್ತಿ ಹಿಡಿದರು. ಈ ದುರಂತದ ಪ್ರೇರಣೆಯಿಂದ ತಪನ್ ಸಿನ್ಹಾ ಅವರು 1990ರಲ್ಲಿ ತೆಗೆದ ‘ಏಕ್ ಡಾಕ್ಟರ್ ಕಿ ಮೌತ್’ ಒಳ್ಳೆಯ ಚಿತ್ರ. ಆದರೆ ಅಲ್ಲಿ ವೈದ್ಯ ಕಂಡುಹಿಡಿಯುವುದು ಕುಷ್ಠಕ್ಕೆ ಲಸಿಕೆ. ಕಥೆ ಗರ್ಭಾಶಯದಿಂದ ಚರ್ಮಕ್ಕೆ ಸರಿದುಬಿಟ್ಟಿತು. ವೈದ್ಯನ ನೋವು ಅಲ್ಲಿ ಹಾಗೆಯೇ ಉಳಿದಿದೆ; ಅವನ ಬಾಗಿಲಿಗೆ ಬಂದಿದ್ದ ಹೆಣ್ಣಿನ ನೋವು ಹಿಂದೆ ಸರಿದಿದೆ.

ಕನ್ನಡದಲ್ಲಿ ಈ ಸಂಕೋಚವನ್ನು ಮುರಿದವರು ಇರಲಿಲ್ಲವೆಂದಲ್ಲ. ತ್ರಿವೇಣಿಯವರು ‘ಶರಪಂಜರ’ದಲ್ಲಿ ಹೆರಿಗೆಯ ನಂತರದ ಮನೋರೋಗವನ್ನು ದೆವ್ವದ ಕಾಟವೆನ್ನದೆ ರೋಗವೆಂದೇ ಬರೆದರು, ಗುಣವಾಗಿ ಬಂದ ಕಾವೇರಿಯನ್ನು ಮನೆಯವರ ಕಣ್ಣೇ ಹೇಗೆ ಮತ್ತೆ ರೋಗಿಯಾಗಿಸುತ್ತದೆಂದು ತೋರಿಸಿದರು. ಆದರೆ ನನ್ನ ಇಂದಿನ ವಿಷಯಕ್ಕೆ ಎಲ್ಲರಿಗಿಂತ ಹತ್ತಿರದವರು ಡಾ. ಅನುಪಮಾ ನಿರಂಜನ.

ಅನುಪಮಾ ಅವರು ವೈದ್ಯೆ, ಕಾದಂಬರಿಗಾರ್ತಿ. ‘ದಾಂಪತ್ಯ ದೀಪಿಕೆ’, ‘ತಾಯಿ ಮಗು’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ ಮೊದಲಾದ ಪುಸ್ತಕಗಳಿಂದ ನಮ್ಮ ತಲೆಮಾರಿನ ಹೆಣ್ಣುಮಕ್ಕಳಿಗೆ ತಮ್ಮ ದೇಹದ ಬಗ್ಗೆ ನಾಚಿಕೆಯಿಲ್ಲದೆ ಮಾತನಾಡುವ ಕನ್ನಡವನ್ನು ಕೊಟ್ಟರು. ನಾನು ಮದುವೆಯಾಗಿ ಬಂದಾಗ ಅವರ ಪುಸ್ತಕವೊಂದು ಸೀರೆಯ ಮಡಿಕೆಯೊಳಗೆ ಬಂದಿತ್ತು. ಅವರ ಗದ್ಯದ ಗುಣವೆಂದರೆ ಅದು ಓದುಗಳನ್ನು ಹೆದರಿಸುವುದಿಲ್ಲ, ಪುಸಲಾಯಿಸುವುದೂ ಇಲ್ಲ. ಎದುರಿಗೆ ಕುಳಿತ ವೈದ್ಯೆ ಕನ್ನಡಕ ತೆಗೆದಿಟ್ಟು ಮಾತನಾಡಿದ ಹಾಗೆ ಇರುತ್ತದೆ. ಅವರೇ ‘ಮಾಧವಿ’ಯಲ್ಲಿ ಮಹಾಭಾರತದ ಯಯಾತಿಯ ಮಗಳ ಕಥೆಯನ್ನು ಎತ್ತಿಕೊಂಡರು. ಗಾಲವನ ಗುರುದಕ್ಷಿಣೆಗೆ ಬೇಕಾದ 800 ಕುದುರೆಗಳಿಗಾಗಿ ಒಬ್ಬ ಅರಸನಿಂದ ಇನ್ನೊಬ್ಬ ಅರಸನಿಗೆ ಕೊಡಲ್ಪಟ್ಟು, ಹೆತ್ತ ಮಕ್ಕಳನ್ನು ಬಿಟ್ಟು ನಡೆದ ಹೆಣ್ಣು ಮಾಧವಿ. ಅವಳ ಗರ್ಭಕ್ಕೆ ಬೆಲೆಯಿತ್ತು, ಅವಳ ಇಷ್ಟಕ್ಕೆ ಬೆಲೆ ಇರಲಿಲ್ಲ. ಬಂಜೆಯ ಕಥೆಗೂ ಮಾಧವಿಯ ಕಥೆಗೂ ಒಳಗೆ ಒಂದೇ ಎಳೆ ಇದೆ ಎಂದು ನನಗೆ ತೋರುತ್ತದೆ: ಎರಡರಲ್ಲಿಯೂ “ನಿನಗೆ ಏನು ಬೇಕು?” ಎಂದು ಅವಳನ್ನು ಕೇಳುವವರಿಲ್ಲ.

ಅನುಪಮಾ ಅವರಿಗೆ ಕ್ಯಾನ್ಸರ್ ಬಂತು. ಆ ರೋಗದ ಬಗ್ಗೆಯೂ ‘ಕ್ಯಾನ್ಸರ್ ಜಗತ್ತು’ ಎಂಬ ಪುಸ್ತಕ ಬರೆದರು, 1991ರಲ್ಲಿ ತೀರಿಕೊಂಡರು. ಹೆಣ್ಣಿನ ದೇಹವನ್ನೂ ಕ್ಯಾನ್ಸರನ್ನೂ ಒಂದೇ ಲೇಖನಿಯಿಂದ ಬರೆದ ಅವರೇ ನಾನು ಹುಡುಕುತ್ತಿರುವ ಪುಟವನ್ನು ಬರೆಯಲು ತಕ್ಕವರಾಗಿದ್ದರು. ಆದರೆ ಶೀತದಲ್ಲಿಟ್ಟ ಅಂಡಾಣುವಿನಿಂದ ಜಗತ್ತಿನಲ್ಲಿ ಮೊದಲ ಬಾರಿ ಮಕ್ಕಳು ಹುಟ್ಟಿದ ವರದಿ ಬಂದದ್ದೇ 1986ರಲ್ಲಿ. ವಿದ್ಯೆ ಕೈಗೆ ಬರುವ ಮೊದಲೇ ಅವರು ಹೋದರು. ಪುಟ ಬರೆಯದೆ ಉಳಿದದ್ದು ಅವರ ತಪ್ಪಲ್ಲ. ಅವರ ನಂತರ ಮೂವತ್ತು ವರ್ಷ ಕಳೆದರೂ ನಾವು ಬರೆಯದಿದ್ದದ್ದು ನಮ್ಮ ತಪ್ಪು.

2023ರ ಜನವರಿಯಲ್ಲಿ 86ನೆಯ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲಿ ನಡೆದಾಗ, ಮಗಳ ಆ ಮಾತು ಕಿವಿಯಲ್ಲಿಟ್ಟುಕೊಂಡು ಪುಸ್ತಕದ ಮಳಿಗೆಗಳಲ್ಲಿ ಅಲೆದೆ. ನನಗೆ ಬೇಕಾದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಪತ್ರಿಕೆಗಳಲ್ಲಿ, ಕರಪತ್ರಗಳಲ್ಲಿ ಆಗೀಗ ಕಂಡ ಬರಹಗಳಲ್ಲಿ ಎರಡು ದೋಷ ಕಂಡೆ. ಮೊದಲನೆಯದು ಅನುವಾದದ ದೋಷ. ‘ಫಲವತ್ತತೆ ಸಂರಕ್ಷಣೆ’ ಎಂದು ಬರೆಯುತ್ತಾರೆ. ಹಾವೇರಿ ಜಿಲ್ಲೆಯಲ್ಲಿ ಫಲವತ್ತತೆ ಎಂದರೆ ಮಣ್ಣು ಪರೀಕ್ಷೆಯ ಮಾತು. ಅದನ್ನು ಓದಿದವರು ಹೊಲಕ್ಕೆ ಯಾವ ಗೊಬ್ಬರ ಹಾಕಬೇಕೆಂದು ಕೇಳಿಯಾರು. ಎರಡನೆಯದು ಫಲಕದ ದೋಷ. ಊರೂರಿನಲ್ಲಿ ‘ಬಂಜೆತನ ನಿವಾರಣೆ’ ಎಂಬ ಫಲಕಗಳು ಮಿನುಗುತ್ತವೆ. ಮದುವೆಯಾಗದ ಇಪ್ಪತ್ತೆರಡರ ಹುಡುಗಿ ಆ ಫಲಕದ ಕೆಳಗೆ ನಡೆದು ಒಳಗೆ ಹೋಗುವುದು ಹೇಗೆ? ಅವಳು ಬಂಜೆಯಲ್ಲ. ಬಂಜೆಯಾಗದಿರಲು ಹೋಗಬೇಕಾದವಳು. ಆ ವ್ಯತ್ಯಾಸಕ್ಕೆ ನಮ್ಮಲ್ಲಿ ಪದವಿಲ್ಲ.

ಪದವಿಲ್ಲವೆಂಬ ಮಾತಿಗೆ ನಮ್ಮ ಸೀಮೆಯಲ್ಲೇ ಉತ್ತರವಿದೆ. ನಾನು ಇರುವ ರಾಣೆಬೆನ್ನೂರು ಬೀಜೋತ್ಪಾದನೆಗೆ ಹೆಸರಾದ ಊರು. ಹತ್ತಿ, ಟೊಮೆಟೊ, ಮೆಣಸಿನಕಾಯಿಗಳ ಸಂಕರಣ ಬೀಜಕ್ಕಾಗಿ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಸಂಜೆ ಮೊಗ್ಗಿನೊಳಗಿನ ಗಂಡುಭಾಗವನ್ನು ನಾಜೂಕಾಗಿ ತೆಗೆಯುತ್ತಾರೆ, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗವನ್ನು ಮುಟ್ಟಿಸುತ್ತಾರೆ. ಹೂವಿನ ಯಾವ ಭಾಗದಿಂದ ಏನಾಗುತ್ತದೆಂದು ಅವರಿಗೆ ಪಾಠ ಹೇಳಬೇಕಾಗಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬಣ್ಣ ಕೆಡದಿರಲೆಂದು ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾರೆ; ತುಂಬು ಬಿಡಿಸುವ ಅಜ್ಜಿಗೂ ಅದರ ಮರ್ಮ ಗೊತ್ತು. ಹಳ್ಳಿಯ ದನದ ದವಾಖಾನೆಯಲ್ಲಿ ದ್ರವ ಸಾರಜನಕದ ಕ್ಯಾನಿನಲ್ಲಿ ಹೋರಿಯ ವೀರ್ಯದ ನಳಿಕೆಗಳಿರುತ್ತವೆ; ಕೃತಕ ಗರ್ಭಧಾರಣೆ ಎಂಬ ಮಾತನ್ನು ಎಮ್ಮೆ ಕಟ್ಟಿದ ಪ್ರತಿಯೊಂದು ಮನೆಯೂ ಸಂಕೋಚವಿಲ್ಲದೆ ಆಡುತ್ತದೆ. ಬರಗಾಲದಲ್ಲಿ ಉಪವಾಸ ಬಿದ್ದರೂ ಬೀಜದ ಕಾಳಿಗೆ ಕೈಹಾಕಬಾರದೆಂಬುದು ನಮ್ಮ ಹಿರಿಯರ ನೇಮ. ಬೆಳೆಗೆ, ದನಕ್ಕೆ ಮಾತು ಸಿಕ್ಕಿತು. ಮನೆಯ ಮಗಳಿಗೆ ಸಿಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಹೆಣ್ಣು ಕ್ಷೇತ್ರ, ಗಂಡು ಬೀಜ ಎಂಬುದು ನಮ್ಮ ಧರ್ಮಶಾಸ್ತ್ರಗಳ ಹಳೆಯ ರೂಪಕ. ವಂಶದ ಬಗ್ಗೆ ನಾವಾಡುವ ಮಾತಿನಲ್ಲೆಲ್ಲ ಅದು ಬೇರು ಬಿಟ್ಟಿದೆ. ಆ ರೂಪಕ ಸುಳ್ಳು. ಅಂಡಾಣು ಹೆಣ್ಣಿನ ಸ್ವಂತ ಬೀಜ; ಕ್ರಾಸಿಂಗ್ ಮಾಡುವ ಹೆಣ್ಣುಮಕ್ಕಳ ಬೆರಳುಗಳಿಗೆ ಇದು ಶಾಸ್ತ್ರಕಾರರಿಗಿಂತ ಚೆನ್ನಾಗಿ ತಿಳಿದಿದೆ. ಬೀಜದ ಮಾತನ್ನು ಬಳಸುವುದಾದರೆ ಅದು ಅವಳದು ಎಂಬ ಅರ್ಥದಲ್ಲೇ ಬಳಸಬೇಕು.

ಹಾಗಾದರೆ ಆ ಪುಟ ಹೇಗಿರಬೇಕು? ವಿಮರ್ಶೆ ಮಾಡುವವಳು ಮಾದರಿಯನ್ನೂ ಕೊಡಬೇಕೆಂಬ ಮಾತಿದೆ. ವೈದ್ಯರು ಬರೆದದ್ದನ್ನು ಓದಿ, ತಿಳಿದವರನ್ನು ಕೇಳಿ, ನನ್ನ ಶಕ್ತಿಗೆ ತಕ್ಕಂತೆ ಬರೆದದ್ದು ಇದು:

“ಹೆಣ್ಣುಕೂಸು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಎಳೆಯ ಅಂಡಾಣುಗಳಿರುತ್ತವೆ. ಹೊಸದಾಗಿ ಹುಟ್ಟುವುದಿಲ್ಲ, ಇದ್ದದ್ದು ಕರಗುತ್ತ ಬರುತ್ತದೆ. ಮೈನೆರೆಯುವ ಹೊತ್ತಿಗೆ 3ರಿಂದ 4 ಲಕ್ಷ ಉಳಿಯುತ್ತವೆ. ಜೀವಮಾನದಲ್ಲಿ ಪಕ್ವವಾಗಿ ಹೊರಬರುವುದು 400ರಷ್ಟು. ಕ್ಯಾನ್ಸರಿಗೆ ಕೊಡುವ ಕೆಲವು ಔಷಧಗಳು, ಮುಖ್ಯವಾಗಿ ಸೈಕ್ಲೊಫಾಸ್ಫಮೈಡಿನಂಥವು, ಈ ಸಂಗ್ರಹವನ್ನು ಬೇಗ ಬರಿದು ಮಾಡಬಲ್ಲವು. ಕಿಬ್ಬೊಟ್ಟೆಗೆ ಕೊಡುವ ವಿಕಿರಣವೂ ಹಾಗೆಯೇ. ವಯಸ್ಸು ಹೆಚ್ಚಿದಷ್ಟೂ, ಔಷಧದ ಪ್ರಮಾಣ ಹೆಚ್ಚಿದಷ್ಟೂ ಹಾನಿ ಹೆಚ್ಚು. ಎಲ್ಲರಿಗೂ ಆಗಿಯೇ ತೀರುತ್ತದೆಂದಲ್ಲ.

“ಔಷಧ ಆರಂಭಿಸುವ ಮೊದಲು ಸುಮಾರು ಎರಡು ವಾರ ಸಮಯವಿದ್ದರೆ, 10ರಿಂದ 14 ದಿನ ಚುಚ್ಚುಮದ್ದು ಕೊಟ್ಟು ಹಲವು ಅಂಡಾಣುಗಳನ್ನು ಒಮ್ಮೆಗೇ ಪಕ್ವಗೊಳಿಸಿ, ಅರಿವಳಿಕೆ ಕೊಟ್ಟು ಸೂಜಿಯಿಂದ ಹೊರತೆಗೆಯಬಹುದು. ಇದಕ್ಕೆ ಮುಟ್ಟಿನ ದಿನಕ್ಕಾಗಿ ಕಾಯಬೇಕಾಗಿಲ್ಲ. ಎದೆಯ ಕ್ಯಾನ್ಸರಿನವರಿಗೆ ಮೈಯಲ್ಲಿ ಈಸ್ಟ್ರೊಜೆನ್ ಏರದಂತೆ ಲೆಟ್ರೊಜೋಲ್ ಮಾತ್ರೆಯನ್ನು ಜೊತೆಗೆ ಕೊಡುತ್ತಾರೆ. ತೆಗೆದ ಅಂಡಾಣುಗಳನ್ನು ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ಶೀತದಲ್ಲಿ ವರ್ಷಗಟ್ಟಲೆ ಇಡಬಹುದು. ಮದುವೆಯಾದವರು ಭ್ರೂಣವನ್ನೇ ಮಾಡಿ ಇಡಬಹುದು. ಮೈನೆರೆಯದ ಹುಡುಗಿಯರಿಗೆ, ಅಥವಾ ಎರಡು ವಾರ ಕಾಯಲಾಗದವರಿಗೆ ಅಂಡಾಶಯದ ಚೂರನ್ನೇ ತೆಗೆದು ಶೀತದಲ್ಲಿಟ್ಟು ಆಮೇಲೆ ಮರಳಿ ಕೂಡಿಸುವ ಕ್ರಮವಿದೆ. ಹೀಗೆ ಕೂಡಿಸಿದ ಮೇಲೆ ಮೊದಲ ಮಗು 2004ರಲ್ಲಿ ಬೆಲ್ಜಿಯಮ್ಮಿನಲ್ಲಿ ಹುಟ್ಟಿತು. ರಕ್ತದ ಕ್ಯಾನ್ಸರಿನವರಲ್ಲಿ ಆ ಚೂರಿನೊಳಗೆ ರೋಗವೂ ಅಡಗಿರಬಹುದಾದ್ದರಿಂದ ಎಚ್ಚರ ಬೇಕು. ವಿಕಿರಣ ಕೊಡುವುದಿದ್ದರೆ ಅಂಡಾಶಯವನ್ನು ಪಕ್ಕಕ್ಕೆ ಸರಿಸಿ ಹೊಲಿದಿಡುವುದೂ ಉಂಟು. ಯಾವುದರಲ್ಲಿಯೂ ಮಗು ಖಚಿತ ಎಂಬ ಭರವಸೆ ಇಲ್ಲ. ದಾರಿ ಮುಚ್ಚದಂತೆ ನೋಡಿಕೊಳ್ಳುವುದಷ್ಟೇ ಇದರ ಉದ್ದೇಶ.

“ಆದ್ದರಿಂದ ಮೊದಲ ಬಾಟಲಿ ಏರಿಸುವ ಮುನ್ನ ವೈದ್ಯರನ್ನು ಕೇಳಿ: ಈ ಔಷಧದಿಂದ ಮುಂದೆ ಮಕ್ಕಳಾಗಲು ತೊಂದರೆಯೇ? ಎರಡು ವಾರ ತಡೆಯಬಹುದೇ? ಯಾರ ಬಳಿಗೆ ಹೋಗಬೇಕು?”

ಇಷ್ಟೇ ಪುಟ. ಇದರಲ್ಲಿ ಬಂಜೆ ಎಂಬ ಪದ ಎಲ್ಲಿಯೂ ಬಂದಿಲ್ಲ. ಬರಬೇಕಾದ ಅವಶ್ಯಕತೆಯೂ ಕಾಣಲಿಲ್ಲ. ಈ ಮಾತನ್ನು ರೋಗಿಗೆ ಮೊದಲೇ ಹೇಳಬೇಕೆಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2006ರಲ್ಲೇ ಮಾರ್ಗಸೂಚಿ ಹೊರಡಿಸಿತು. ಅಂಡಾಣುವನ್ನು ಶೀತದಲ್ಲಿಡುವುದು ಇನ್ನು ಪ್ರಯೋಗವಲ್ಲ, ರೂಢಿಯ ಚಿಕಿತ್ಸೆ ಎಂದು ಅಲ್ಲಿಯ ಸಂತಾನವೈದ್ಯರ ಸಂಘ 2012ರಲ್ಲಿ ಸಾರಿತು. ಎದೆಯ ಕ್ಯಾನ್ಸರಿನ ನಂತರ ಬಸಿರಾದರೆ ರೋಗ ಮರಳುತ್ತದೆಂಬ ಭಯ ನಮ್ಮಲ್ಲಿ ಬಲವಾಗಿದೆ. ಹಲವು ದೇಶಗಳ 500ಕ್ಕೂ ಹೆಚ್ಚು ಮಹಿಳೆಯರು ಹಾರ್ಮೋನ್ ಮಾತ್ರೆಯನ್ನು ಗರ್ಭಕ್ಕಾಗಿ ತಾತ್ಕಾಲಿಕವಾಗಿ ನಿಲ್ಲಿಸಿದ ಒಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 74 ಮಂದಿ ಬಸಿರಾದರು. ಮೊದಲ ಕೆಲವು ವರ್ಷಗಳಲ್ಲಿ ರೋಗ ಮರಳುವಿಕೆ ಹೆಚ್ಚಲಿಲ್ಲ. ದೂರದ ಫಲವನ್ನು ಇನ್ನೂ ನೋಡಬೇಕಾಗಿದೆ ಎಂಬ ಮಾತನ್ನೂ ಅವರೇ ಸೇರಿಸಿದ್ದಾರೆ. ಒಳ್ಳೆಯ ವೈದ್ಯಗದ್ಯ ಎರಡೂ ಮಾತನ್ನು ಒಟ್ಟಿಗೆ ಹೇಳಬೇಕು.

ನಮ್ಮ ಕೂಟದಲ್ಲಿ ಇದನ್ನು ಓದಿದಾಗ ಎರಡು ಆಕ್ಷೇಪಣೆಗಳು ಬಂದವು. ಎರಡೂ ತೂಕದವು. ಕಾಲೇಜಿನಲ್ಲಿ ಕಲಿಸುವ ಕಿರಿಯ ಗೆಳತಿಯೊಬ್ಬಳು, “ತಾಯಿಯಾಗುವುದೇ ಹೆಣ್ಣಿನ ಸಾರ್ಥಕವೆಂಬ ಹಳೆಯ ಹಾಡನ್ನೇ ನೀವು ಹೊಸ ರಾಗದಲ್ಲಿ ಹಾಡುತ್ತಿಲ್ಲವೇ ಟೀಚರ್?” ಎಂದಳು. ಹಾಗಾಗುವ ಅಪಾಯವಿದೆ. ಅದಕ್ಕೆಂದೇ ಪ್ರಶ್ನೆಯನ್ನು ಹುಡುಗಿಗೇ ಕೇಳಬೇಕು, ಅವಳ ಅತ್ತೆ ಮಾವಂದಿರಿಗಲ್ಲ. ಬೇಡ ಎನ್ನುವ ಹಕ್ಕೂ ಅವಳದೇ. ಆದರೆ ಕೇಳದೆಯೇ ಅವಳ ಪರವಾಗಿ ನಾವು ತೀರ್ಮಾನಿಸಿದರೆ, ಮಾಧವಿಯನ್ನು ದಾಟಿಸಿದವರಿಗೂ ನಮಗೂ ವ್ಯತ್ಯಾಸವೇನು? ಒಪ್ಪಿಗೆ ಪತ್ರದ ಸಾಲನ್ನು ನುಂಗಿದ ದಿನ ನಾನು ಮಾಡಿದ್ದೂ ಅದನ್ನೇ.

ಇನ್ನೊಂದು ಆಕ್ಷೇಪಣೆ ಹಣದ್ದು. ನಮ್ಮ ಕೂಟದ ಹಿರಿಯರು, ಹಾವೇರಿಯವರು, “ಅಕ್ಕಾರ, ಇದು ಬೆಂಗಳೂರಿನವರ ಮಾತಾತು. ಕ್ರಾಸಿಂಗ್ ಕೂಲಿಯವರ ಮಗಳಿಗೆ ಏನು?” ಎಂದು ಕೇಳಿದರು. ಅಂಡಾಣು ತೆಗೆದಿಡುವ ಖರ್ಚು ಸಾಮಾನ್ಯವಾಗಿ ಲಕ್ಷ ರೂಪಾಯಿಯ ಮೇಲಿನ ಮಾತು. ಕ್ಯಾನ್ಸರಿನ ಚಿಕಿತ್ಸೆಗೆ ಆಸರೆಯಾಗುವ ಆಯುಷ್ಮಾನ್ ಯೋಜನೆ ಸಂತಾನಶಕ್ತಿಯ ಚಿಕಿತ್ಸೆಗಳನ್ನು ಹೊರಗಿಟ್ಟಿದೆ. ಔಷಧದಿಂದಲೇ ಆಗುವ ಹಾನಿಯನ್ನು ತಡೆಯುವುದು ಆ ಔಷಧದ ಚಿಕಿತ್ಸೆಗೇ ಸೇರಿದ್ದಲ್ಲವೇ? ಈ ತರ್ಕವನ್ನು ಯೋಜನೆ ಬರೆದವರ ಮುಂದೆ ಯಾರಾದರೂ ಇಡಬೇಕಾಗಿದೆ. 2021ರ ಸಂತಾನ ನೆರವಿನ ಕಾನೂನು ಇಂಥ ಸೇವೆಯನ್ನು 21ರಿಂದ 50 ವರ್ಷದೊಳಗಿನ ಹೆಣ್ಣಿಗೆ ಎಂದು ಹೇಳುತ್ತದೆ. ಮದುವೆಯಾಗಿರಲೇಬೇಕೆಂಬ ಕಟ್ಟಳೆ ಅವಳಿಗಿಲ್ಲ. ಅದು ಸಮಾಧಾನದ ಸಂಗತಿ. ಆದರೆ ಹದಿನೆಂಟರಲ್ಲೇ ರೋಗ ಬಂದವಳಿಗೆ ಆ ವಾಕ್ಯದಲ್ಲಿ ನೇರ ಉತ್ತರವಿಲ್ಲ. ಕಾನೂನಿನ ಗದ್ಯವೂ ವಿಮರ್ಶೆಗೆ ಅತೀತವಲ್ಲ.

ಹಣವಿಲ್ಲದವಳಿಗೆ ಹೇಳಿ ಏನು ಪ್ರಯೋಜನ ಎಂದು ಆ ಹಿರಿಯರು ಮತ್ತೂ ಕೇಳಿದರು. ಹೇಳಿದರೆ ಅವಳು ಸಾಲ ಮಾಡಿಯಾಳು, ದಾನಿಗಳನ್ನು ಕೇಳಿಯಾಳು, ಇಲ್ಲವೇ ತಿಳಿದೂ ಬಿಟ್ಟಾಳು. ಹೇಳದಿದ್ದರೆ ಆ ಎರಡು ವಾರ ಅವಳಿಗೆ ಗೊತ್ತಿಲ್ಲದೆಯೇ ಕಳೆದುಹೋಗುತ್ತವೆ. ಆಮೇಲೆ ಯಾವ ಹಣದಿಂದಲೂ ಅವನ್ನು ಮರಳಿ ತರಲಾಗುವುದಿಲ್ಲ. ಈ ವಿಷಯದಲ್ಲಿ ಭಾಷೆಗೆ ಒಂದು ಗಡುವಿದೆ. ಬೇರೆ ವಿಷಯಗಳಲ್ಲಿ ತಡವಾಗಿ ಬಂದ ಪುಸ್ತಕವೂ ಪುಸ್ತಕವೇ; ಇಲ್ಲಿ ತಡವಾಗಿ ಬಂದ ಮಾತು ಬರಿಯ ಮರುಕವಾಗುತ್ತದೆ.

ಈ ಲೇಖನವನ್ನು ಕಳಿಸುವ ಮೊದಲು ಅಕ್ಕನ ಮಗಳಿಗೆ ಓದಿ ತೋರಿಸಿದೆ. ಅವಳು ಈಗ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಔಷಧ ಮುಗಿದು ಕೆಲವು ತಿಂಗಳಿಗೆ ಮುಟ್ಟು ಮರಳಿ ಬಂದಿದೆ. ಅಷ್ಟರಿಂದಲೇ ಆಗುತ್ತದೆ ಎನ್ನಲೂ ಬಾರದು, ಆಗದು ಎನ್ನಲೂ ಬಾರದು ಎಂದು ವೈದ್ಯರು ಹೇಳಿದ್ದಾರಂತೆ. ನನ್ನ ಮಾದರಿ ಪುಟದ ಮೊದಲ ಕರಡಿನಲ್ಲಿ ನಾನು ‘ತಾಯಿಯಾಗುವ ಭಾಗ್ಯ ಉಳಿಸಿಕೊಳ್ಳುವುದು’ ಎಂದು ಬರೆದಿದ್ದೆ. ಅವಳು ಪೆನ್ಸಿಲಿನಿಂದ ‘ಭಾಗ್ಯ’ವನ್ನು ಹೊಡೆದುಹಾಕಿ ‘ದಾರಿ’ ಎಂದು ಬರೆದಳು. “ಭಾಗ್ಯ ಅಂದ್ರ ಇಲ್ಲದಾಕಿ ನಿರ್ಭಾಗ್ಯಳಾದ್ಳು ನೋಡ ಚಿಗವ್ವಾ. ದಾರಿ ಅಂದ್ರ ಹೋಗಬೌದು, ಬಿಡಬೌದು” ಎಂದಳು. ಆ ತಿದ್ದುಪಡಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.

ಆಮೇಲೆ ಆ ಹಳೆಯ ಒಪ್ಪಿಗೆ ಪತ್ರವನ್ನು ಅವಳು ಮತ್ತೆ ನನ್ನ ಕೈಗೆ ಕೊಟ್ಟಳು. ಅಕ್ಕ, ಭಾವ ಇಬ್ಬರೂ ಅಲ್ಲಿಯೇ ಕುಳಿತಿದ್ದರು. ಬಿಟ್ಟುಹೋಗಿದ್ದ ಆ ಸಾಲನ್ನು ಅವರೆದುರಿಗೆ ಕನ್ನಡದಲ್ಲಿ, ನಿಧಾನವಾಗಿ, ಪೂರ್ತಿಯಾಗಿ ಓದಿ ಹೇಳಿದೆ.